ಹನ್ನೆರಡು ನೆಂಟರು, ಇಬ್ಬರು ಜನ

ಆ ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬಿಸಿಲು ಇನ್ನೂ ಮಾರುದ್ದ ಏರಿರಲಿಲ್ಲ, ಆಗಲೇ ಶವಾಗಾರದ ತಗಡಿನ ಮಾಡು ಕಾದು ಚಟಚಟ ಎನ್ನುತ್ತಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊಸಿಲಾಚೆ ನಿಂತು ನನ್ನ ಮಾವನನ್ನು ಬೈಯುತ್ತಿದ್ದ.

"ಲೇ ಮುದುಕಾ, ನಾತ ಮೇಲಿನ ವಾರ್ಡಿಗೆ ಹೊಡೀತಿದೆ. ನಮ್ಮಮ್ಮ ಅಲ್ಲಿ ಮಲಗಿದಾಳೆ. ನೀನೂ ಹೆಣಗಳ ಜೊತೆ ಸೇರ್ಕೊಂಡು ಕೊಳೀತಿದೀಯೇನೋ, ಹಲ್ಕಾ ನನ್ಮಗನೆ?"

ಎರಡು ದಿನದಿಂದ ಐಸಿನ ಗಾಡಿ ಬಂದಿಲ್ಲ ಎಂದಷ್ಟೇ ಮಾವ ಹೇಳಿದ. ಕೆರೆಯಲ್ಲಿ ಸಿಕ್ಕ ಹೆಂಗಸೊಬ್ಬಳ ಕೂದಲಿನಿಂದ ಪಾಚಿ ಬಿಡಿಸುತ್ತಿದ್ದ ಅವನ ಬಾಚಣಿಗೆ ನಿಲ್ಲಲಿಲ್ಲ. ತಿರುಗಿ ಮಾತಾಡಲು ಅವನಿಗೆ ಬಾರದೆಂದಲ್ಲ. ನೆಂಟರ ಮುಂದೆ ಹೊಲಸು ಮಾತಾಡಬಾರದು ಎಂಬುದು ಅವನ ನೇಮ.

ನಾವು ಹೆಣ ಎನ್ನುವುದಿಲ್ಲ, ನೆಂಟರು ಎನ್ನುತ್ತೇವೆ. ಹೇಳದೆ ಬರುತ್ತಾರೆ, ನೀರು ಸಹ ಕೇಳುವುದಿಲ್ಲ, ಇರುವಷ್ಟು ಹೊತ್ತು ಇದ್ದು ಹೋಗುತ್ತಾರೆ. ಉಸಿರಾಡುವವರು ಮಾತ್ರ ಜನ. ಮಾವನಿಗೆ ಇದನ್ನು ಹೇಳಿಕೊಟ್ಟವನು ಅವನ ಅಪ್ಪ. ಗಂಡ ತೀರಿಕೊಂಡು ಅವನ ಕೆಲಸಕ್ಕೆ ನಾನು ಬಂದಾಗ ನನಗೆ ಹೇಳಿಕೊಟ್ಟವನು ಮಾವ. ಮುಟ್ಟುವ ಮುಂಚೆ ಕೈ ಮುಗಿದು, "ಎತ್ತುತೀವಿ, ಬೇಜಾರು ಮಾಡ್ಕೋಬೇಡಿ" ಎಂದು ಕೇಳಿಕೊಳ್ಳಬೇಕು. ಚಪ್ಪಲಿ ಹೊರಗೆ ಬಿಡಬೇಕು. ಅಷ್ಟೇ ನಮ್ಮ ಪೂಜೆ.

ನಮ್ಮ ಹನ್ನೊಂದು ಅರ್ಜಿಯಿಂದ ಆಗದ ಕೆಲಸ ಆ ಒಂದು ನಾತದಿಂದ ಆಯಿತು. ಒಳಗೇ ನಡೆದುಹೋಗಬಹುದಾದಂಥ ದೊಡ್ಡ ತಂಪುಕೋಣೆ ಕೊಳ್ಳುವುದೆಂದು ತೀರ್ಮಾನವಾಯಿತು. ಅಳತೆಗೆ ಬಂದ ಗುಮಾಸ್ತ ಹೊಸಿಲು ದಾಟಲಿಲ್ಲ. ಟೇಪಿನ ತುದಿಯನ್ನು ಮಾವನ ಕಡೆ ಎಸೆದು, ಪುಸ್ತಕವನ್ನು ಹೊರಗೋಡೆಗೆ ಆನಿಸಿಕೊಂಡು ಬರೆಯುತ್ತ ಹೋದ. ಕೊನೆಗೆ ಒಳಗೆ ಎಷ್ಟು ಹಿಡಿಯಬೇಕು ಎಂದು ಕೇಳಿದ.

ಮಾವ ಸುಮ್ಮನೆ ಹೇಳಿಬಿಡಲಿಲ್ಲ. ಖಾಲಿ ನೆಲದ ಮೇಲೆ ಇಲ್ಲದ ತಳ್ಳುಗಾಡಿಯನ್ನು ತಳ್ಳಿಕೊಂಡು ಹೋದ, ತಿರುಗಿಸಿದ, ಬಗ್ಗಿ ಎತ್ತಿದ. ತಲೆಯ ಕಡೆಗೆ ಒಬ್ಬರು, ಕಾಲಿನ ಕಡೆಗೆ ಒಬ್ಬರು ನಿಲ್ಲದೆ ಎತ್ತುವುದಕ್ಕಾಗುವುದಿಲ್ಲ. ಆಮೇಲೆ ಹೇಳಿದ:

"ಹನ್ನೆರಡು ನೆಂಟರು, ಇಬ್ಬರು ಜನ."

ನೆಂಟರೆಂದರೆ ಯಾರು ಎಂದು ಗುಮಾಸ್ತ ಕೇಳಿದ. ನಾನು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡನ್ನೂ ಕೂಡಿಸಿ ಬರೆದುಕೊಂಡ. ಹದಿನಾಲ್ಕು ಶವ.

ಆ ಕಾಗದ ಮೇಜಿನಿಂದ ಮೇಜಿಗೆ ಹೋಯಿತು. ಮಾರುವವರು ಕಳಿಸಿದ ಪಟ್ಟಿಯಲ್ಲಿ ಬಾಗಿಲ ಒಳಮೈಗೆ ಒಂದು ಹಿಡಿ ಇತ್ತಂತೆ, ಸಿಕ್ಕಿಕೊಂಡವರು ತಳ್ಳಿದರೆ ತೆರೆದುಕೊಳ್ಳುವಂಥದ್ದು. ಅಧಿಕಾರಿ ಅದರ ಮೇಲೆ ಕೆಂಪು ಗೀಟು ಎಳೆದನಂತೆ. "ಹದಿನಾಲ್ಕೂ ಹೆಣ. ಯಾವುದು ಎದ್ದು ಬಾಗಿಲು ತೆಗೆಯುತ್ತೆ ಹೇಳ್ರೀ?" ಎಂದಾಗ ಕಚೇರಿಯವರೆಲ್ಲ ನಕ್ಕರಂತೆ. ಇದನ್ನು ನಮಗೆ ಹೇಳಿದವನು ಕೋಣೆ ಕೂರಿಸಲು ಬಂದ ಮೇಸ್ತ್ರಿ. ಹಿಡಿಯ ಬದಲಿಗೆ ಬಾಗಿಲ ಹೊರಮೈಗೆ ಅಧಿಕಾರಿಯ ಹೆಸರಿನ ಹಿತ್ತಾಳೆಯ ಫಲಕ ಬಂದಿತ್ತು.

ಒಳಗೆ ಎರಡು ಕಡೆಗೂ ಏಳೇಳು ಹಲಗೆ. ನಡುವೆ ಒಬ್ಬರು ಅಡ್ಡಡ್ಡಲಾಗಿ ನಡೆಯುವಷ್ಟೇ ಜಾಗ. ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ, ಗೇಣುದಪ್ಪದ ಬಾಗಿಲು. ಅದರ ಒಳಮೈಯನ್ನು ಸವರಿ ನೋಡಿದೆ. ಬೋಳು ತಗಡು.

ಮೇಸ್ತ್ರಿ ನನ್ನ ಮುಖ ನೋಡದೆ ಸ್ಪಾನರುಗಳನ್ನು ಚೀಲಕ್ಕೆ ತುಂಬುತ್ತ, "ಅಕ್ಕಾ, ಒಬ್ಬೊಬ್ರೇ ಒಳಗೆ ಹೋಗ್ಬೇಡಿ. ಅಲ್ಲಿಂದ ಕೂಗಿದ್ರೆ ಇಲ್ಲಿಗೆ ಕೇಳಲ್ಲ" ಅಂದ.

ನಾವು ಬಾಗಿಲಿಗೆ ಕಲ್ಲು ಇಟ್ಟೆವು. ಬಾಗಿಲು ತೆರೆದಿದ್ದರೆ ಗಂಟೆ ಹೊಡೆದುಕೊಳ್ಳುತ್ತದೆ, ಕಚೇರಿಯವರೆಗೂ ಕೇಳುತ್ತದೆ. ತಂಪೆಲ್ಲ ಪೋಲಾಗುತ್ತದೆಂದು ಗುಮಾಸ್ತ ಓಡಿಬಂದು ಕಲ್ಲನ್ನು ಕಾಂಪೌಂಡಿನಾಚೆ ಎಸೆದ.

ಒಂಬತ್ತನೆಯ ದಿನ, ಮೆಟ್ಟಿಲ ಮೇಲೆ ಯಾರೋ ವಾಂತಿ ಮಾಡಿದ್ದಾರೆಂದು ನನ್ನನ್ನು ಮೇಲಕ್ಕೆ ಕರೆದರು. ಒರೆಸಿ, ಇನ್ನೊಂದು ಮಹಡಿಯನ್ನೂ ಒರೆಸಿ ಬರುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಬಾಗಿಲು ಮುಚ್ಚಿತ್ತು. ಅದರ ಮುಂದೆ ಮಾವನ ಚಪ್ಪಲಿ ಇದ್ದವು, ಜೊತೆಯಾಗಿ, ನೀಟಾಗಿ.

ತೆಗೆದಾಗ ಅವನು ಹದಿಮೂರನೆಯ ಹಲಗೆಯ ಮೇಲೆ, ಮಂಡಿಯನ್ನು ಎದೆಗೆ ಒತ್ತಿಕೊಂಡು, ಇಲ್ಲದ ನೆಂಟನೊಬ್ಬನಿಗೆ ಇಟ್ಟಿದ್ದ ಬಿಳಿಬಟ್ಟೆಯನ್ನು ಹೊದ್ದು ಮಲಗಿದ್ದ. ಬಾಗಿಲ ತಗಡಿನ ಮೇಲೆ ಸೊಂಟದೆತ್ತರಕ್ಕೆ ಅವನ ಗೆಣ್ಣುಗಳ ರಕ್ತ. ತುಟಿಗೆ ತುಟಿ ಕೂಡುತ್ತಿರಲಿಲ್ಲ. ಆದರೂ ಮಾತಾಡಿದ.

"ಇದು ನನಗೇ ಅಂತ ಮಾಡ್ಸಿದಾರೆ ಮಗಳೆ. ಅಳತೆ ಸರಿಯಾಗಿದೆ."

ಆ ದಿನದಿಂದ ಮಾವನ ಕೈಯಲ್ಲಿ ಬಾಚಣಿಗೆ ನಿಲ್ಲುತ್ತಿಲ್ಲ. ಸುಡುಬಿಸಿಲಿನಲ್ಲಿ ಕೂರಿಸಿದರೂ ನಡುಗುತ್ತಾನೆ.

ನಾನು ಕಚೇರಿಗೆ ಹೋಗಿ ಕಾಲೊರಸಿನ ಮೇಲೆ ನಿಂತು ಒಂದು ಹಿಡಿ ಹಾಕಿಸಿಕೊಡಿ ಎಂದು ಕೇಳಿದೆ. ಮುದುಕನಿಗೆ ಮೈಮೇಲೆ ಎಚ್ಚರ ಇರಬೇಕಿತ್ತು ಎಂದ ಅಧಿಕಾರಿ. ಇಂಥ ಬಿಸಿಲಲ್ಲಿ ಬಿಟ್ಟಿಯಾಗಿ ತಣ್ಣಗೆ ನಿದ್ದೆ ಮಾಡಿ ಬಂದಿದ್ದಾನೆ, ನಿನಗೇನು ಹೊಟ್ಟೆಕಿಚ್ಚೇ ಎಂದು ಕೇಳಿದ. ಗುಮಾಸ್ತ ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದ.

"ನೋಡಮ್ಮ, ಇದರಲ್ಲಿ ಜನ ಅಂತಾನೇ ಇಲ್ಲ. ಎಲ್ಲಾ ಶವಾನೇ."

"ಹಾಗಾದ್ರೆ ಇನ್ಮೇಲೆ ಜನ ಒಳಗೆ ಹೋಗಲ್ಲ" ಅಂದೆ.

ಅಂದಿನಿಂದ ನಾನು ಆ ಹೊಸಿಲು ತುಳಿಯಲಿಲ್ಲ. ಹೊರಗಿನ ಕಲ್ಲುಹಾಸಿನ ಮೇಲೆ ನೆಂಟರನ್ನು ತೊಳೆಯುತ್ತೇನೆ, ಹೊದಿಸುತ್ತೇನೆ. ಒಳಗೆ ಇಡುವುದು, ಹೊರಗೆ ತರುವುದು ತಂದವರ ಪಾಲಿಗೆ. ಬಾಗಿಲು ಹಿಡಿಯುವುದು ನನ್ನ ಪಾಲಿಗೆ. ಗಾರೆ ಕೆಲಸದವನೊಬ್ಬ ಹೆಂಡತಿಯನ್ನು ತಾನೇ ತಂದುಕೊಂಡ. ಅಕ್ಕತಂಗಿಯರಿಬ್ಬರು ಅಪ್ಪನನ್ನು ತಂದುಕೊಂಡರು. ಒಳಗೆ ಹೋಗುವಾಗ ನನಗೆ ಶಾಪ ಹಾಕುತ್ತಿದ್ದರು. ಬರುವಾಗ ಬಾಗಿಲ ಒಳಮೈ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೂರು ದಿನದೊಳಗೆ ದಾರಿಗೆ ಬಾರದಿದ್ದರೆ ಸೊಸೆ, ಮಾವ ಇಬ್ಬರೂ ಕೆಲಸದಿಂದ ಹೊರಗೆ ಎಂಬ ನೋಟೀಸು ಬಂತು.

ಮೂರನೆಯ ದಿನ ಬೆಳಿಗ್ಗೆ ಅಧಿಕಾರಿಯ ತಾಯಿ ತೀರಿಕೊಂಡಳು. ಕೈ ಮುಗಿದು, ತೊಳೆದು, ತಲೆ ಬಾಚಿದೆ. ವಾರ್ಡಿನ ಆಳುಗಳು ಒಳಗಿಟ್ಟು ಓಡಿಬಂದರು.

ಸಂಜೆ ಅವಳನ್ನು ಒಯ್ಯಲು ಗಾಡಿ ಬಂದು ನಿಂತಿತು. ಅಧಿಕಾರಿ ಆಳುಗಳನ್ನು ಕೂಗಿದ. ಒಬ್ಬರೂ ಇರಲಿಲ್ಲ. ಗುಮಾಸ್ತನ ಕಡೆ ನೋಡಿದ, ಅವನು ತನ್ನ ಬೂಟು ನೋಡಿಕೊಂಡ. ಕೊನೆಗೆ ನನ್ನ ಕಡೆ ತಿರುಗಿದ.

"ಏನೇ ನೋಡ್ತೀಯ? ಹೋಗಿ ತಗೊಂಡ್ ಬಾ, ಬೋಳಿ."

ನಾನು ಬಾಗಿಲು ತೆಗೆದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಗಂಟೆ ಹೊಡೆದುಕೊಳ್ಳತೊಡಗಿತು. ನೀವೇ ಹೋಗಿ ಸಾರ್, ನಾನು ಹಿಡಿದುಕೊಂಡಿರುತ್ತೇನೆ ಎಂದೆ.

ಬೇರೆ ದಾರಿ ಇರಲಿಲ್ಲ. ತಳ್ಳುಗಾಡಿಯನ್ನು ಮುಂದೆ ಬಿಟ್ಟುಕೊಂಡು ಅಡ್ಡಡ್ಡಲಾಗಿ ಒಳಗೆ ಹೋದ. ನಾಲ್ಕನೆಯ ಹೆಜ್ಜೆಗೆ ಹಿಂತಿರುಗಿ ನೋಡಿದ. ತಾನು ಕೊಂಡ ಬಾಗಿಲಿನ ಒಳಮೈಯನ್ನು ಅವನು ಮೊದಲ ಸಲ ನೋಡಿದ್ದು ಆಗಲೇ ಇರಬೇಕು. ಅವನ ಕಣ್ಣು ತಗಡಿನ ಮೇಲೆಲ್ಲ ಹರಿದಾಡಿ, ಹಿಡಿಯಲು ಏನೂ ಸಿಗದೆ, ನನ್ನ ಪಕ್ಕದ ಕಂದು ಕಲೆಗಳ ಮೇಲೆ ಬಂದು ನಿಂತಿತು.

ಸುಳ್ಳು ಹೇಳುವುದಿಲ್ಲ. ಆಗ ನನಗೆ ಬಾಗಿಲು ಹಗುರ ಅನಿಸಿತು. ನನ್ನ ಬೆನ್ನು ಒಂದು ಅಂಗುಲ ಸರಿದರೆ ಸಾಕಿತ್ತು. ನನ್ನ ಬೆನ್ನ ಹಿಂದೆ, ಬಾಗಿಲ ಆಚೆಮೈಗೆ, ಅವನ ಹೆಸರಿನ ಹಿತ್ತಾಳೆ ಇತ್ತು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು.

"ಬಿಡಬೇಡಮ್ಮಾ" ಅಂದ.

"ತಲೆ ಕಡೆಗೊಬ್ರು, ಕಾಲ ಕಡೆಗೊಬ್ರು ಬೇಕು ಸಾರ್" ಅಂದೆ. "ನಿಮ್ಮ ಕಾಗದದಲ್ಲಿ ಆ ಇಬ್ಬರು ಇಲ್ಲ."

ಒಬ್ಬನೇ ಎಳೆದ. ಮೊಣಕೈ ಹಲಗೆಗೆ ಬಡಿಯಿತು, ಕೋಟು ಕೊಕ್ಕೆಗೆ ಸಿಕ್ಕಿ ಹರಿಯಿತು. ಬಾಯಿಂದ ಬಿಳಿಯ ಉಸಿರು ಬರುತ್ತಿತ್ತು. ಮುದುಕಿಯ ತಲೆ ಒಂದು ಕಡೆಗೆ ವಾಲಿದಾಗ ಅಳು ಬಂದು ನಿಂತುಬಿಟ್ಟ. ನಾನು ಕಾದೆ. ಬಹಳ ಹೊತ್ತಿನ ಮೇಲೆ ಅವನು ತಳ್ಳುಗಾಡಿಯನ್ನು ಎಳೆದುಕೊಂಡು ಹೊಸಿಲು ದಾಟಿ ಹೊರಬಂದ. ನಾನು ಪಕ್ಕಕ್ಕೆ ಸರಿದೆ. ಬಾಗಿಲು ಧಡ್ ಎಂದು ತಾನಾಗಿ ಮುಚ್ಚಿಕೊಂಡಿತು, ಅವನ ಮೈಯೆಲ್ಲ ಬೆಚ್ಚಿತು.

ನಾಳೆ ಇನ್ನೊಬ್ಬರ ಮಗ ಬರುತ್ತಾನೆ, ಅವನಿಗೂ ಹೀಗೇ ಹಿಡಿಯುತ್ತೇನೆ ಎಂದು ಹೇಳಿದೆ.

ಮುದುಕಿಯ ತಲೆಯನ್ನು ನೇರ ಮಾಡಿ, ಬಟ್ಟೆ ಸರಿಪಡಿಸಿದೆ. ಬೆಳಿಗ್ಗೆ ತೊಳೆಯುವಾಗ ಅವಳ ಬತ್ತಿದ ಬೆರಳಿನಿಂದ ಉಂಗುರವೊಂದು ಜಾರಿ ಬಿದ್ದಿತ್ತು. ಅದನ್ನು ನನ್ನ ಕೆಲಸದ ಗೌನಿನ ಜೇಬಿನಿಂದ ತೆಗೆದು, ಒರೆಸಿ, ಮಗನ ಅಂಗೈಯಲ್ಲಿ ಇಟ್ಟೆ. ಮರಗಟ್ಟಿದ ಅವನ ಬೆರಳುಗಳು ಎಷ್ಟು ಹೊತ್ತಾದರೂ ಮಡಚಿಕೊಳ್ಳಲಿಲ್ಲ.