ಕಫ್ರ್ ದರಾಜ್‌ನ ತೂಬು

ಮಮ್ದೂಹ್ ಪಾಷಾ ಅವರಿಗೆ ಮೇವಿನ ಸೊಪ್ಪಿಗೂ ಕೊತ್ತಂಬರಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ದೇಶ ಆ ವರ್ಷ ಎಷ್ಟು ಬೆಳೆಯಿತು ಎಂಬುದನ್ನು ದಶಾಂಶದ ಸಮೇತ ಹೇಳಬಲ್ಲವರಾಗಿದ್ದರು. ಅವರು ನಮ್ಮ ಜಿಲ್ಲೆಯ ಹೂಡಿಕೆ ಕಚೇರಿಯ ಮುಖ್ಯಸ್ಥರು. ನಾನು ಅವರ ಪತ್ರಗಳನ್ನು ಟೈಪು ಮಾಡುವ ಗುಮಾಸ್ತ.

ನಮ್ಮ ಪೌಂಡು ದಿನೇ ದಿನೇ ಕುಸಿಯುತ್ತಿದ್ದ ಕಾಲ ಅದು. ಏನಾದರೂ ಕೊಡಿ, ಯಾರನ್ನಾದರೂ ಕರೆತನ್ನಿ, ಡಾಲರ್ ಬಂದರೆ ಸಾಕು ಎಂದು ಕೈರೋದಿಂದ ಆಜ್ಞೆಯಾಗಿತ್ತು. ಹಾಗಾಗಿ ಕೊಲ್ಲಿ ದೇಶದ ಕಂಪನಿಯೊಂದು ಕಾಲುವೆಯ ಕೊನೆಯ ಮರಳುಗಾಡಿನಲ್ಲಿ ಇಪ್ಪತ್ತು ಸಾವಿರ ಫೆದ್ದಾನ್, ಅಂದರೆ ಹೆಚ್ಚೂಕಡಿಮೆ ಅಷ್ಟೇ ಎಕರೆ, ನೆಲ ಕೇಳಿದಾಗ ಪಾಷಾ ಎದ್ದು ನಿಂತೇ ಒಪ್ಪಿಕೊಂಡರು. ಇಲ್ಲಿ ಬೆಳೆದ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಹಡಗು ಹತ್ತಿ ಹೋಗಿ ಅಲ್ಲಿನ ಹಸುಗಳ ಹೊಟ್ಟೆ ಸೇರಬೇಕು. ಬಾಕಿ ಇದ್ದದ್ದು ಒಂದೇ ಕಾಗದ, ಕಾಲುವೆಯಲ್ಲಿ ನೀರಿದೆ ಎಂಬ ಪ್ರಮಾಣಪತ್ರ.

ಅದನ್ನು ಕೊಡಬೇಕಾದವರು ನೀರಾವರಿ ಇಂಜಿನಿಯರ್ ಸೌಸನ್. ಇಪ್ಪತ್ತೆರಡು ವರ್ಷದಿಂದ ಆ ಕಾಲುವೆಯನ್ನು ಅಳೆಯುತ್ತಾ ಬಂದವರು. ಅವರು ಬರೆದುಕೊಟ್ಟದ್ದು ಇಷ್ಟೇ: ಬೇಸಿಗೆಯಲ್ಲಿ ಇರುವ ನೀರು ಕಂಪನಿಯ ಈ ತೋಟಕ್ಕೆ ಸಾಕು, ಇಲ್ಲವೇ ಕಫ್ರ್ ದರಾಜ್ ಕಡೆಯ ಮೂರು ಊರಿಗೆ ಸಾಕು. ಎರಡಕ್ಕೂ ಸಾಲದು. ಯಾರಿಗೆ ಕೊಡುವುದೆಂದು ಸರ್ಕಾರ ಮೊದಲೇ ತೀರ್ಮಾನಿಸಲಿ.

"ಇಂಜಿನಿಯರಮ್ಮಾ, ನಾನು ಕೇಳಿದ್ದು ನೀರು. ನೀವು ತಂದಿದ್ದು ತಲೆನೋವು," ಎಂದರು ಪಾಷಾ.

"ಇರೋದೇ ಅಷ್ಟು, ಪಾಷಾ. ಮಿಕ್ಕಿದ್ದನ್ನ ನಮ್ಮನೆಯಿಂದ ಬಕೆಟ್‌ನಲ್ಲಿ ತಂದು ಹುಯ್ಲಾ?"

ಅದೇ ವಾರ ಅವರನ್ನು ಕಫ್ರ್ ದರಾಜ್‌ನ ತೂಬು ಕಾಯುವ ಕೆಲಸಕ್ಕೆ ಎತ್ತಿ ಹಾಕಿದರು. 'ನೀರು ಯಥೇಚ್ಛವಾಗಿದೆ' ಎಂಬ ಹೊಸ ಪತ್ರವನ್ನು ಟೈಪು ಮಾಡಿದವನು ನಾನೇ. ಸಹಿ ಹಾಕಿದವರು ಸೌಸನ್ ಜಾಗಕ್ಕೆ ಬಂದವರು. ಅವರು ಕಾಲುವೆಯನ್ನು ಕಂಡದ್ದು ಕಾರಿನ ಕಿಟಕಿಯಿಂದ.

ಕಂಪನಿಯ ವಕೀಲರೇನು ದಡ್ಡರಲ್ಲ. ನೀರು ಕಡಿಮೆಯಾದರೆ ಸರ್ಕಾರ ದಿನಕ್ಕಿಷ್ಟೆಂದು ಡಾಲರಿನಲ್ಲಿ ದಂಡ ಕಟ್ಟಬೇಕೆಂದು ಒಪ್ಪಂದದಲ್ಲಿ ಸೇರಿಸಿದ್ದರು. ಪಾಷಾ ಆ ಪುಟಕ್ಕೆ ಸಹಿ ಹಾಕುವಾಗ ನೋಡುತ್ತಿದ್ದದ್ದು ಕ್ಯಾಮೆರಾ ಕಡೆಗೆ.

ಎರಡನೆಯ ಬೇಸಿಗೆಯಲ್ಲಿ ಕಾಲುವೆ ಸೊರಗಿತು. ದಂಡ ತಪ್ಪಿಸಲು ಕಫ್ರ್ ದರಾಜ್‌ನ ತೂಬನ್ನು ವಾರಕ್ಕೆ ಐದು ದಿನ ಮುಚ್ಚಬೇಕೆಂದು ಮೇಲಿನಿಂದ ಫೋನು ಬಂತು. ಪಾಷಾ ಸೌಸನ್‌ಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಆಯ್ತು ಪಾಷಾ, ಮುಚ್ತೀನಿ. 'ಮೂರು ಊರಿಗೆ ನೀರು ನಿಲ್ಸಿ' ಅಂತ ಒಂದೇ ಒಂದು ಸಾಲು ಬರ್ದು ಸಹಿ ಹಾಕಿ ಕಳ್ಸಿ," ಎಂದರು ಆಕೆ, ಒಂದಿಷ್ಟೂ ದನಿ ಏರಿಸದೆ.

ಪಾಷಾ ಬೆದರಿಸಿದರು, ಆಮೇಲೆ ಪುಸಲಾಯಿಸಿದರು, ಆಕೆಯ ಪಿಂಚಣಿಯನ್ನು ನೆನಪಿಸಿದರು. ಆಕೆ ಅದೇ ಮಾತನ್ನು ಮತ್ತೆ ಹೇಳಿ ಫೋನಿಟ್ಟರು. ಪಾಷಾ ನನ್ನ ಕಡೆ ತಿರುಗಿ, ಹೆಸರಿಲ್ಲದ ಒಂದು ಆದೇಶ ಟೈಪು ಮಾಡು ಎಂದರು. 'ನೀರು ಯಥೇಚ್ಛ' ಎಂಬ ಮೊದಲ ಪತ್ರ ಆ ಎರಡು ವರ್ಷ ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ನಾನು ಟೈಪು ಮಾಡಿದೆ. ಕೆಳಗೆ ಅವರ ಪೂರ್ತಿ ಹೆಸರು, ಹುದ್ದೆ ಎರಡನ್ನೂ ಸೇರಿಸಿ ಮುಂದಿಟ್ಟೆ. ಅವರು ಪೆನ್ನು ತೆಗೆದರು, ಓದಿದರು, ಪೆನ್ನಿನ ಮುಚ್ಚಳ ಹಾಕಿ ಕೈರೋದಲ್ಲಿ ತುರ್ತು ಸಭೆಯಿದೆ ಎಂದು ಹೊರಟೇಬಿಟ್ಟರು.

ಅಲ್ಲಿಯೂ ಯಾರೂ ಸಹಿ ಹಾಕಲಿಲ್ಲ. ದೇಶ ಬೆಳೆಸುವ ಅಷ್ಟು ಮಂದಿ ದೊಡ್ಡವರಲ್ಲಿ ಒಂದು ಸಾಲಿನ ಧೈರ್ಯ ಒಬ್ಬರಿಗೂ ಇರಲಿಲ್ಲ. ಕಾಲುವೆಯಲ್ಲಿ ಮತ್ತೆ ನೀರು ಏರುವವರೆಗೆ, ಹನ್ನೊಂದು ದಿನ, ತೂಬು ತೆರೆದೇ ಇತ್ತು. ಕಫ್ರ್ ದರಾಜ್‌ನ ನಲ್ಲಿಗಳಲ್ಲಿ ನೀರು ಬಂತು, ಜೋಳ ಉಳಿಯಿತು. ತೋಟದ ಒಂದು ಭಾಗ ಒಣಗಿತು. ಸರ್ಕಾರ ದಂಡ ಕಟ್ಟಿತು.

ವಿಚಾರಣಾ ಸಮಿತಿಗೆ ತಪ್ಪಿತಸ್ಥರು ಸುಲಭವಾಗಿ ಸಿಕ್ಕರು. ಸೌಸನ್‌ಗೆ ಕಡ್ಡಾಯ ನಿವೃತ್ತಿ, ನನಗೆ ಹಳೆಯ ಕಡತಗಳ ಕೋಣೆ. ವಿದೇಶಿ ಹೂಡಿಕೆದಾರರ ತಕರಾರು ಬಗೆಹರಿಸಿದ ಅನುಭವವಿದೆ ಎಂದು ಪಾಷಾಗೆ ಕೈರೋದಲ್ಲಿ ಬಡ್ತಿ.

ಮರುವರ್ಷ ತೂಬಿಗೆ ಬಂದ ಹೊಸಬ ಬರಹ ಗಿರಹ ಕೇಳಲಿಲ್ಲ, ಫೋನಿನಲ್ಲೇ ಮುಚ್ಚಿದ. ನಲ್ಲಿಗಳು ಬರಿ ಗಾಳಿ ಬಿಟ್ಟವು. ಆಗ ಕಂಪನಿ ದೊಡ್ಡ ಮನಸ್ಸು ಮಾಡಿ ಮೂರು ಊರಿಗೆ ಒಂದು ಟ್ಯಾಂಕರ್ ದಾನ ಕೊಟ್ಟಿತು. ಉದ್ಘಾಟನೆಗೆ ಪಾಷಾ ಬಂದರು. ಫೋಟೊಗಳನ್ನು ಕಡತಕ್ಕೆ ಸೇರಿಸಬೇಕಿತ್ತಾದ್ದರಿಂದ ನನ್ನನ್ನೂ ಕಳಿಸಿದ್ದರು.

ಭಾಷಣ ಮುಗಿದ ಮೇಲೆ ಉಮ್ಮ್ ರಬೀಅ ಎಂಬ ಮುದುಕಿ ಬಕೆಟ್ ಹಿಡಿದು ಮುಂದೆ ಬಂದಳು.

"ಈ ನೀರು ಎಲ್ಲಿದಪ್ಪಾ?"

ಕಂಪನಿಯ ಪಂಪ್‌ಹೌಸಿನದು ಎಂದರು ಪಾಷಾ.

"ಪಂಪ್‌ಹೌಸಿಗೆ ಎಲ್ಲಿಂದ ಬಂತು?"

ಪಾಷಾ ನಕ್ಕು, ಆಕೆಯ ಹೆಗಲ ಮೇಲೆ ಕೈಯಿಟ್ಟು ಫೋಟೊದವನ ಕಡೆ ತಿರುಗಿದರು. ಮುದುಕಿ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿ, ಟ್ಯಾಂಕರಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟಳು. ಹಿಂದೆ ಸಾಲು ಉದ್ದವಾಗಿತ್ತು. ಸಾಲಿನ ನಡುವೆ, ನಿವೃತ್ತಿಯ ಮೇಲೂ ಆ ಊರಲ್ಲೇ ಉಳಿದಿದ್ದ ಸೌಸನ್ ಎರಡು ಕೊಡ ಹಿಡಿದು ನಿಂತಿದ್ದರು. ನಾನು ಅವರ ಕೈಯಿಂದ ಒಂದನ್ನು ತೆಗೆದುಕೊಂಡು ಪಕ್ಕದಲ್ಲಿ ನಿಂತೆ.