ಬಚ್ಚಲಿಗೊಂದು ಬೆಂಚು

"ನನ್ನ ಗಂಡ ಇನ್ನೂ ಸತ್ತಿಲ್ಲ ಕಣೋ! ಮೊದಲು ಇದನ್ನ ನನ್ನ ಮನೆಯಿಂದ ಆಚೆ ತಗೊಂಡು ಹೋಗು!"

ಅತ್ತಿಗೆ ತುಂಗಮ್ಮ ಬಚ್ಚಲ ಬಾಗಿಲಿಗೆ ಅಡ್ಡ ನಿಂತಿದ್ದರು. ನನ್ನ ಹೆಗಲ ಮೇಲೆ ಬೆಂಚು. ಶಿವಮೊಗ್ಗದ ಆಲ್ಕೊಳದಲ್ಲಿರುವ ನನ್ನ ಮರಗೆಲಸದ ಶೆಡ್ಡಿನಿಂದ ಭದ್ರಾವತಿಯವರೆಗೆ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ತಂದಿದ್ದೆ.

"ಬಾಯಿಗೆ ಬಂದಂಗೆ ಮಾತಾಡಬೇಡಿ ಅತ್ತಿಗೆ. ಅಣ್ಣ ಕೂತು ಸ್ನಾನ ಮಾಡೋಕೆ ಬೆಂಚು ಇದು."

"ಕೂರಿಸಿ ಸ್ನಾನ ಮಾಡಿಸೋದು ಯಾರಿಗೆ ಅಂತ ನಂಗೆ ಗೊತ್ತಿಲ್ವಾ? ಒರಗೋಕೆ ಹಲಗೆ ಬೇರೆ! ಕಟ್ಟೋಕೆ ಬೆಲ್ಟು ಬೇರೆ! ಹೂವಿನ ಹಾರ ಒಂದು ಮರೆತೆಯಲ್ಲ, ಅದನ್ನೂ ತರಬೇಕಿತ್ತು."

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಜಾರದಂತೆ ಕಟ್ಟಿ ಕೂರಿಸುತ್ತೇವೆ. ಕೂತ ಹಾಗೆಯೇ ಸ್ನಾನ ಮಾಡಿಸಿ ಮಣ್ಣು ಮಾಡುತ್ತೇವೆ. ಗುಂಡಿ ತೋಡಲು ಅವರ ಪಾದದ ಅಳತೆ ತೆಗೆಯುತ್ತೇವೆ. ಹೋದ ವಾರ ನಾನು ಮಾಡಿದ್ದೂ ಅದನ್ನೇ. ಟೇಪು ಮರೆತು ಬಂದಿದ್ದೆ. ಅಣ್ಣ ಶಿವಯೋಗಪ್ಪ ಗೋಡೆಗೊರಗಿ ತೂಕಡಿಸುತ್ತಿದ್ದ. ಸೆಣಬಿನ ದಾರ ಹಿಡಿದು ಅವನ ಬೆನ್ನು, ಮೊಣಕಾಲು, ಕಾಲಿಡುವ ಪಟ್ಟಿಗೆಂದು ಪಾದ, ಎಲ್ಲ ಅಳೆದು ಗಂಟು ಹಾಕಿಕೊಂಡೆ. ಕಾಫಿ ತಂದ ಅತ್ತಿಗೆ ಅದನ್ನು ನೋಡಿ, ಲೋಟ ಕುಕ್ಕಿ ಒಳಗೆ ಹೋಗಿದ್ದರು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ. ಬಡಗಿಗೆ ಅಳತೆ ಅಂದರೆ ಅಳತೆ, ಅಷ್ಟೇ.

ಲೂನಾದಿಂದ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಣ್ಣನಿಗೆ ಮಣೆ ಮೇಲೆ ಕೂತರೆ ಏಳಲಾಗದು, ನಿಂತರೆ ಕಾಲು ನಡುಗುತ್ತದೆ. ಪ್ಲಾಸ್ಟಿಕ್ ಸ್ಟೂಲಿನಿಂದ ಜಾರಿದ್ದೂ ಆಗಿತ್ತು. ಅಂದಿನಿಂದ ಅತ್ತಿಗೆಯೇ ಸೆರಗು ಕಟ್ಟಿ ಸ್ನಾನ ಮಾಡಿಸುತ್ತಿದ್ದರು. ಅವನು ನನ್ನನ್ನು ಕೇಳಿಕೊಂಡದ್ದು ಒಂದೇ: "ಬಾಗಿಲು ಹಾಕ್ಕೊಂಡು ಒಬ್ಬನೇ ಸ್ನಾನ ಮಾಡೋ ಹಾಗೆ ಏನಾದ್ರೂ ಮಾಡೋ ಹೂವಪ್ಪ. ಮಗು ಥರ ಮೈ ಉಜ್ಜಿಸ್ಕೊಂಡು ಸಾಕಾಗಿದೆ."

ಅದಕ್ಕೇ ತೇಗದ ಪಟ್ಟಿಗಳ ನಡುವೆ ನೀರು ಇಳಿಯಲು ಸಂದು ಬಿಟ್ಟಿದ್ದೆ. ಬಚ್ಚಲ ನೆಲ ಇಳಿಜಾರು. ಮುಂದಿನ ಕಾಲುಗಳನ್ನು ಅದಕ್ಕೆ ತಕ್ಕಷ್ಟು ಉದ್ದ ಮಾಡಿ, ತಳಕ್ಕೆ ರಬ್ಬರ್ ಬಡಿದಿದ್ದೆ.

"ಹಲಗೆ ಕೊಯ್ದು ಬಿಸಾಕ್ತೀನಿ, ಆಯ್ತಾ?" ಅಂದೆ.

"ಹಿಂದಕ್ಕೆ ಬಿದ್ದು ನಾನು ತಲೆ ಒಡ್ಕೊಳ್ಳಲಾ?" ಅಣ್ಣ ಕೋಣೆಯಿಂದ ಕೂಗಿದ. ವಾಕರ್ ಕುಟ್ಟಿಕೊಂಡು ಬಂದೇಬಿಟ್ಟ. "ದಾರಿ ಬಿಡೇ ತುಂಗಾ."

"ಇಷ್ಟು ದಿನ ನಾನು ಮಾಡಿದ್ದು ಕಡಿಮೆ ಆಯ್ತಾ ನಿಮಗೆ?"

"ಜಾಸ್ತಿ ಆಯ್ತು ಮಾರಾಯ್ತಿ."

ಅತ್ತಿಗೆಯ ಮುಖ ಸಪ್ಪಗಾಯಿತು. ಸರಿದು ನಿಂತರು. ನಾನು ಬೆಂಚು ಇಟ್ಟೆ, ಬಿಸಿನೀರಿನ ಬಕೆಟ್ಟನ್ನು ಪಕ್ಕಕ್ಕೆ ಎಳೆದೆ. ಅಣ್ಣ ಕೂತ, ಒರಗಿದ, ನನ್ನನ್ನು ಆಚೆ ದೂಡಿ ಕೂತಲ್ಲಿಂದಲೇ ಚಿಲಕ ಹಾಕಿಕೊಂಡ.

ಚೊಂಬು ನೀರು ಬಿದ್ದ ಸದ್ದು. ಇಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಏನೋ ದಪ್ಪೆಂದು ಬಿತ್ತು. ಅತ್ತಿಗೆ ಬಾಗಿಲಿಗೆ ಕೈ ಹಾಕಿದರು.

"ಸೋಪು ಕಣೇ! ಹೋಗು ಅತ್ಲಾಗೆ!" ಅಣ್ಣ ನಗುತ್ತಿದ್ದ. ಅವನ ನಗು ಕೇಳಿ ಎಷ್ಟೋ ದಿನವಾಗಿತ್ತು.

ಅತ್ತಿಗೆ ನನ್ನ ಕಡೆ ತಿರುಗಿದರು. ಈ ಸಲ ಕೂಗಲಿಲ್ಲ.

"ಬೆಂಚು ಬೇಕಂತೆ, ಇರ್ಲಿ. ಆದ್ರೆ ಬದುಕಿರೋ ನನ್ನ ಗಂಡನ ಪಾದಕ್ಕೆ ದಾರ ಹಿಡಿದೋನು ಇನ್ನು ನನ್ನ ಹೊಸ್ತಿಲು ತುಳೀಬಾರ್ದು. ಬೆಂಚು ಬೇಕೋ ತಮ್ಮ ಬೇಕೋ, ಅವರೇ ಹೇಳ್ಲಿ."

"ಅಣ್ಣಾ, ಕೇಳಿಸ್ತಾ?" ಅಂತ ಬಾಗಿಲು ಬಡಿದೆ.

ಒಳಗೆ ನೀರಿನ ಸದ್ದು ನಿಂತಿತು. ಕಾದೆ. ಅವನು ಒಮ್ಮೆ ಕೆಮ್ಮಿದ. ಊಟ, ಮಾತ್ರೆ, ಬಟ್ಟೆ, ಎಲ್ಲಕ್ಕೂ ಅವನಿಗೆ ಅತ್ತಿಗೆಯ ಕೈಯೇ ಆಗಬೇಕು. ಆದರೂ ಒಂದು ಮಾತು ಬರುತ್ತದೆ ಅಂದುಕೊಂಡಿದ್ದೆ.

ಮತ್ತೆ ಒಂದು ಚೊಂಬು ನೀರು ಸುರಿದುಕೊಂಡ.

ಜೊತೆಗೆ ತಂದಿದ್ದ ಉಳಿ, ಸುತ್ತಿಗೆಯ ಚೀಲ ಎತ್ತಿಕೊಂಡೆ. "ಇಟ್ಕೊಳ್ಳಿ ನಿಮ್ಮ ಹೊಸ್ತಿಲನ್ನ!" ಅಂದು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ. ಆಮೇಲೆ ಆ ಮನೆ ಕಡೆ ಹೋಗಿಲ್ಲ.