ಲಾರಿಗಳು ದಾಟಿದ ಮೇಲೆ

ಮೂಡಲಪಾಳ್ಯದ ಹಿಟ್ಟಿನ ಮಿಲ್ಲಿಗೆ ಕನ್ಸೀಮೆ ಮೊದಲ ಸಲ ಬಂದದ್ದು ರಾಗಿ ಬೀಸಿಸಲು. ಉಗಾಂಡ ದೇಶದವಳು, ಜ್ಞಾನಭಾರತಿಯಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿ ಆಗಿನ್ನೂ ತಿಂಗಳಾಗಿರಲಿಲ್ಲ. ರಾಗಿಯ ಚೀಲವನ್ನು ಕಟ್ಟೆಯ ಮೇಲಿಟ್ಟು, ತುಂಬ ನುಣ್ಣಗೆ ಬೇಡ ಎನ್ನುವುದನ್ನು ಇಂಗ್ಲಿಷಿನಲ್ಲೊಂದು ಸಲ, ಬೆರಳು ಉಜ್ಜಿ ಇನ್ನೊಂದು ಸಲ ಹೇಳಿದಳು.

"ಇದನ್ನ ಏನ್ ಮಾಡ್ಕೊಂಡು ತಿಂತೀರಮ್ಮ?" ಎಂದು ಮಿಲ್ಲಿನ ವರಲಕ್ಷ್ಮಿ ಕೇಳಿದಳು.

ಹುಡುಗಿ ಗಾಳಿಯಲ್ಲೇ ಪಾತ್ರೆ ಇಟ್ಟಳು, ನೀರು ಕುದಿಸಿದಳು, ಎರಡೂ ಕೈಯಿಂದ ಕೋಲು ಹಿಡಿದು ತಿರುವಿದಳು. ವರಲಕ್ಷ್ಮಿಗೆ ಮುಂದಿನದು ಬೇಕಾಗಲಿಲ್ಲ.

"ರೀ, ಇಲ್ಬನ್ನಿ! ಈ ಹುಡುಗಿ ಮುದ್ದೆ ಮಾಡ್ತಾಳಂತೆ!"

ಮೆಷಿನ್ ಹತ್ತಿರವಿದ್ದ ಗಂಡ ಮುರುಗೇಶ್ ಮೈಯೆಲ್ಲ ಹಿಟ್ಟಾಗಿ ಹೊರಗೆ ಬಂದ. ಹೆಸರು ಕೇಳಿದ. ಕೇಳಿ ನಕ್ಕ. "ಹೆಸರಲ್ಲೇ ಸೀಮೆ ಇಟ್ಕೊಂಡಿದೀರಲ್ಲಮ್ಮ. ಯಾವ ಸೀಮೆ ನಿಮ್ದು?"

ಅದರ ಅರ್ಥ ಕನ್ಸೀಮೆಗೆ ತಿಳಿಯಲು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಅವಳು ಮಿಲ್ಲಿನ ಮಹಡಿಯ ಮೇಲಿನ ಸಿಂಗಲ್ ರೂಮಿಗೆ ಬಾಡಿಗೆಗೆ ಬಂದಿದ್ದಳು. ಕೊರೋನಾ ಬಂದು ಉಳಿದ ಬಾಡಿಗೆಯವರೆಲ್ಲ ಊರಿಗೆ ಹೊರಟುಹೋದಾಗ ವಿಮಾನಗಳಿಲ್ಲದೆ ಅವಳೊಬ್ಬಳೇ ಉಳಿದಳು. ಬೀದಿಯಲ್ಲಿ ಅಂಗಡಿಗಳು ಮುಚ್ಚಿದ್ದರೂ ಹಿಟ್ಟಿನ ಮಿಲ್ಲು ಬೆಳಗಿನ ಹೊತ್ತು ತೆರೆದಿರುತ್ತಿತ್ತು. ಸುಮ್ಮನೆ ಕೂರಲಾರದೆ ಕೆಳಗಿಳಿದು ಬಂದು ಜರಡಿ ಹಿಡಿದಳು. ಕನ್ನಡ ಬಂದದ್ದು ಅಲ್ಲಿಯೇ, ಬರುವ ಹೋಗುವ ಹೆಂಗಸರ ಬಾಯಿಂದ. ವರಲಕ್ಷ್ಮಿ ಅವಳ ಹೆಸರನ್ನು ಕತ್ತರಿಸಿ ಕನ್ಸಿ ಮಾಡಿಕೊಂಡಳು.

ಕನ್ಸೀಮೆ ದಿನವೂ ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತಿಗಿಂತ ಸುಮ್ಮನಿರುವುದೇ ಹೆಚ್ಚು. ಒಂದು ದಿನ ವರಲಕ್ಷ್ಮಿ ಕಾಫಿ ಲೋಟ ಕೈಗಿಟ್ಟು ಪಕ್ಕದಲ್ಲಿ ಕೂತಳು.

"ಯಾರೇ ಅದು? ನಿಮ್ಮಮ್ಮ ಅಲ್ಲ ಅಂತ ಗೊತ್ತು. ಅಮ್ಮನ ಹತ್ರ ಯಾರೂ ಹೀಗೆ ಸುಮ್ನೆ ಕೂತ್ಕೊಳಲ್ಲ."

"ಮುಗಿಶಾ ಅಂತ, ಆಂಟಿ," ಎಂದಳು ಕನ್ಸೀಮೆ. "ಮದ್ವೆ ಆಗ್ಬೇಕಿತ್ತು. ಗೇಟ್ ಹಾಕ್ಬಿಟ್ರು."

ಅವಳ ಊರು ಕಟುನ. ಉಗಾಂಡದ ತೆಂಕಣ ಅಂಚಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಕಡಿದ ಗುಡ್ಡಗಳ ನಡುವೆ ಇದೆ. ಮುಂದೆ ಒಂದು ಗೇಟು. ಗೇಟಿನಾಚೆ ರುವಾಂಡ ದೇಶ, ಅಲ್ಲಿಯ ಊರಿನ ಹೆಸರು ಗಟುನ. ಕ ಇದ್ದದ್ದು ಗ ಆಗುವಷ್ಟೇ ದೂರ. ಆಚೆಯವರ ಮಾತು ಈಚೆಯವರಿಗೆ ತಿಳಿಯುತ್ತಿತ್ತು. ಕನ್ಸೀಮೆಯ ತಾಯಿ ರಾಗಿ ಹಿಟ್ಟು, ಜೋಳದ ಹಿಟ್ಟು ಮಾರುತ್ತಿದ್ದಳು. ಗಟುನದಿಂದ ಒಬ್ಬ ಹೆಂಗಸು ಆಲೂಗಡ್ಡೆ, ಬೀನ್ಸ್ ಕಾಳು ತಂದು ಹಾಕಿ ಹಿಟ್ಟು ಒಯ್ಯುತ್ತಿದ್ದಳು. ಆ ಹೆಂಗಸಿಗೆ ಮಂಡಿನೋವು ಶುರುವಾದ ಮೇಲೆ ಮೂಟೆ ತರುವುದಕ್ಕೆ ಮಗ ಬರತೊಡಗಿದ. ಅವನೇ ಮುಗಿಶಾ. ಮೂಟೆ ಇಳಿಸಿದ ಮೇಲೂ ಅವನಿಗೆ ಹೊರಡುವ ಅವಸರವಿರುತ್ತಿರಲಿಲ್ಲ. ಇಬ್ಬರು ತಾಯಂದಿರೂ ನೋಡಿ ನೋಡಿ, ಕೊನೆಗೆ ತಾವೇ ಮಾತು ಮುಗಿಸಿದರು. ಈಸ್ಟರ್ ಹಬ್ಬ ಕಳೆದ ಮೇಲೆ ಮದುವೆ ಎಂದಾಯಿತು.

ಈಸ್ಟರಿಗೆ ಮುಂಚೆ, ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿ ಕೊನೆಯಲ್ಲಿ, ಎರಡೂ ಸರ್ಕಾರಗಳಿಗೆ ಜಗಳವಾಗಿ ರುವಾಂಡ ಗೇಟು ಮುಚ್ಚಿತು. ಲಾರಿಗಳು ಗುಡ್ಡದ ರಸ್ತೆಯುದ್ದಕ್ಕೂ ನಿಂತವು. ಒಂದು ವಾರ, ಹೆಚ್ಚೆಂದರೆ ಒಂದು ತಿಂಗಳು ಎಂದು ಎಲ್ಲರೂ ಅಂದುಕೊಂಡರು. ಗದ್ದೆಯ ಕಡೆಯಿಂದ ಕದ್ದು ದಾಟಲು ಹೋದವರು ಗುಂಡು ತಿಂದ ಸುದ್ದಿ ಬಂದ ಮೇಲೆ ಮುಗಿಶಾನ ತಾಯಿ ಮಗನಿಂದ ಆಣೆ ಹಾಕಿಸಿಕೊಂಡಳು.

"ಆಮೇಲೆ?" ಎಂದಳು ವರಲಕ್ಷ್ಮಿ.

"ಆಮೇಲೆ ಭಾನುವಾರ ಚರ್ಚ್ ಮುಗಿಸಿ ನಾನು ನಮ್ಮ ಗುಡ್ಡ ಹತ್ತೋದು, ಅವ್ನು ಅವರ ಗುಡ್ಡ ಹತ್ತೋದು. ಫೋನ್ ಮಾಡ್ಕೊಂಡು ಕೈ ಬೀಸೋದು. ಮುಖ ಕಾಣಲ್ಲ ಆಂಟಿ. ಬರೀ ಶರ್ಟ್ ಕಾಣತ್ತೆ." ಅವಳು ಲೋಟ ಕೆಳಗಿಟ್ಟಳು. "ಸ್ಕಾಲರ್‌ಶಿಪ್ ಬಂತು. ಎರಡು ವರ್ಷ ತಾನೇ, ವಾಪಸ್ ಬರೋ ಹೊತ್ತಿಗೆ ತೆಗ್ದಿರ್ತಾರೆ ಅಂತ ಅವ್ನೇ ಕಳಿಸ್ದ."

ಕೊರೋನಾದಿಂದ ಪರೀಕ್ಷೆಗಳು ಮುಂದಕ್ಕೆ ಹೋಗಿ ಎರಡು ವರ್ಷದ ಓದು ಎಳೆಯಿತು. ಕೊನೆಯಲ್ಲಿ ಬರೆಯಬೇಕಾದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಉಗಾಂಡ-ರುವಾಂಡ ವ್ಯಾಪಾರವನ್ನೇ. ಮಾರ್ಗದರ್ಶಕರು ವೆಂಕಟಗಿರಿ ಎನ್ನುವ ಪ್ರೊಫೆಸರು, ವಿಜಯನಗರದವರು. ಸಿಮೆಂಟು, ಕಬ್ಬಿಣ, ಅಡುಗೆ ಎಣ್ಣೆ, ಹಿಟ್ಟು ಎಷ್ಟೆಷ್ಟು ಹೋಗುತ್ತಿತ್ತು ಎಂದು ತೋರಿಸುವ ಗ್ರಾಫಿನ ಗೆರೆ, ಕೈಯಿಂದ ಜಾರಿ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಒಂದೇ ಸಲಕ್ಕೆ ತಳ ಕಂಡಿತ್ತು. ಕನ್ಸೀಮೆ ಅದನ್ನು ಲ್ಯಾಪ್‌ಟಾಪಿನಲ್ಲಿ ವರಲಕ್ಷ್ಮಿಗೆ ತೋರಿಸಿ, "ಇಲ್ಲಿ, ಈ ತಿರುವಲ್ಲಿ ನನ್ನ ಮದ್ವೆ," ಎಂದು ನಕ್ಕಳು. ವರಲಕ್ಷ್ಮಿಗೆ ನಗು ಬರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಜನವರಿ ಮುಗಿಯುವ ದಿನ ಗೇಟು ತೆರೆಯಿತು. ಮುಗಿಶಾ ವಿಡಿಯೋ ಕಳಿಸಿದ್ದ. ಲಾರಿಗಳು ಹಾರ್ನ್ ಹೊಡೆಯುತ್ತ ಬರುತ್ತಿದ್ದವು, ಜನ ರಸ್ತೆ ಬದಿಯಲ್ಲಿ ನಿಂತು ಕೂಗುತ್ತಿದ್ದರು. ಕನ್ಸೀಮೆ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದು, ಹಿಟ್ಟಿನ ಕೈಯಲ್ಲೇ ಇದ್ದ ವರಲಕ್ಷ್ಮಿಯನ್ನು ತಬ್ಬಿಕೊಂಡಳು. ಮುರುಗೇಶ್ ಮೆಷಿನ್ ನಿಲ್ಲಿಸಿ, ಬೇಕರಿಯಿಂದ ದಿಲ್‌ಪಸಂದ್ ತರಿಸಿದ.

ಸಂಜೆ ಫೋನು ಮುಗಿಸಿ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಲಾರಿಗೆ ಮಾತ್ರ ಅಂತೆ ಆಂಟಿ. ಕೊರೋನಾ ಅಂತ ಜನಕ್ಕೆ ಇನ್ನೂ ಬಿಡಲ್ವಂತೆ."

"ಅದ್ಯಾವ ನ್ಯಾಯ ಕಣೇ? ಆಲೂಗಡ್ಡೆ ಹೋಗ್ಬೋದು, ಮನುಷ್ಯ ಹೋಗೋ ಹಾಗಿಲ್ವಾ?"

ಮುಗಿಶಾ ಲಾರಿ ಡ್ರೈವರೊಬ್ಬನ ಕೈಯಲ್ಲಿ ಕನ್ಸೀಮೆಯ ತಾಯಿಗೆ ಒಂದು ಪೊಟ್ಟಣ ಚಹಾಪುಡಿ ಕೊಟ್ಟು ಕಳಿಸಿದ. ಆಕೆ ಅದೇ ಡ್ರೈವರನ ಕೈಯಲ್ಲಿ ಬೀಗಿತ್ತಿಯಾಗಬೇಕಾದವಳಿಗೆ ಹಿಟ್ಟು ಕಳಿಸಿದಳು. ಎಷ್ಟೋ ಕಾಲದ ಮೇಲೆ ಇಬ್ಬರು ತಾಯಂದಿರೂ ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿದರು. ಮುಗಿಶಾನ ತಾಯಿ ಹಿಟ್ಟನ್ನು ಬಹಳ ಹೊತ್ತು ಮೂಸಿ ನೋಡಿ, ಅಡುಗೆಗೆ ತೆಗೆಯದೆ ಹಾಗೆಯೇ ಇಟ್ಟುಕೊಂಡಿದ್ದಾಳೆ ಎಂದು ಕನ್ಸೀಮೆ ಹೇಳಿದಳು.

ಜನಕ್ಕೆ ಬಿಟ್ಟದ್ದು ಮಾರ್ಚಿನಲ್ಲಿ. ಆ ಬೆಳಿಗ್ಗೆ ಮುಗಿಶಾ ಗೇಟು ದಾಟಿ, ನಡೆದೇ ಕನ್ಸೀಮೆಯ ಮನೆಗೆ ಹೋದ. ಬಾಗಿಲಲ್ಲಿ ನಿಂತು ವಿಡಿಯೋ ಕಾಲ್ ಮಾಡಿದಾಗ ಮೂಡಲಪಾಳ್ಯದಲ್ಲಿ ಮಧ್ಯಾಹ್ನ. ಮಿಲ್ಲಿನಲ್ಲಿ ಗಿರಾಕಿಗಳಿದ್ದರು. ತೆಳ್ಳಗೆ, ಉದ್ದಕ್ಕೆ, ನಾಚಿಕೆಯ ಹುಡುಗ. ಕನ್ಸೀಮೆಯ ತಾಯಿ ಅವನ ಎರಡು ಕೆನ್ನೆಯನ್ನೂ ಹಿಡಿದು ಅಲ್ಲಾಡಿಸುತ್ತಿದ್ದಳು. ಅಕ್ಕಪಕ್ಕದವರು ಬಂದು ಸೇರಿದರು. ಯಾರೋ ಪುಟ್ಟ ಬುಟ್ಟಿಯಲ್ಲಿ ಮುದ್ದೆ ತಂದಿಟ್ಟರು. ಎಲ್ಲರೂ ಒಟ್ಟಿಗೆ ಮಾತಾಡಿದರು, ಕನ್ಸೀಮೆಯೂ ಕೂಗಿ ಕೂಗಿ ಮಾತಾಡಿ ನಕ್ಕಳು. ಫೋನು ಇಟ್ಟ ಮೇಲೆ ಮೂಲೆಯ ಗೋಧಿ ಮೂಟೆಯ ಮೇಲೆ ಕೂತಳು.

"ನಾನಿರ್ಬೇಕಾದ ಜಾಗದಲ್ಲಿ ಎಲ್ರೂ ಇದಾರೆ ಆಂಟಿ," ಎಂದಳು. "ನಾನೊಬ್ಳೇ ಇಲ್ಲ."

ಜೂನ್ ಹೊತ್ತಿಗೆ ಪ್ರಬಂಧ ಮುಗಿಯಿತು. ವೆಂಕಟಗಿರಿ ಅದನ್ನು ಮೆಚ್ಚಿ, ಪಿಎಚ್.ಡಿ.ಗೆ ಉಳಿಯುವಂತೆ ಹೇಳಿದರು. ಫೆಲೋಶಿಪ್ ಕೊಡಿಸುತ್ತೇನೆ, ಆದರೆ ಈ ವರ್ಷ ಬಿಟ್ಟರೆ ಮತ್ತೆ ಸಿಗುವ ಭರವಸೆ ಇಲ್ಲ ಎಂದೂ ತಿಳಿಸಿದರು. ಕನ್ಸೀಮೆಗೆ ಓದು ಇಷ್ಟ. ಅವಳ ಊರಲ್ಲಿ ಅಷ್ಟು ಓದಿದ ಹೆಣ್ಣುಮಕ್ಕಳು ಇರಲಿಲ್ಲ. ಮುಗಿಶಾನಿಗೆ ಹೇಳಿದಳು. ಅವನು ಬೇಡ ಎನ್ನಲಿಲ್ಲ. "ಮುಚ್ಚಿದ ಗೇಟಿನ ಮುಂದೆ ಕಾಯೋದು ನನಗೆ ಗೊತ್ತಿತ್ತು. ತೆಗೆದ ಗೇಟಿನ ಮುಂದೆ ಹೇಗೆ ಕಾಯೋದು ಅಂತ ಗೊತ್ತಿಲ್ಲ," ಎಂದಷ್ಟೇ ಹೇಳಿದ.

ಅವಳು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ವರಲಕ್ಷ್ಮಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಒಳಗೊಳಗೇ ಅವಳಿಗೆ ಆಸೆ ಹುಟ್ಟಿತ್ತು. ಪಿಎಚ್.ಡಿ. ಎಂದರೆ ಇನ್ನೂ ಮೂರು ನಾಲ್ಕು ವರ್ಷ. ಮಹಡಿಯ ಮೇಲೆ ಹೆಜ್ಜೆ ಸದ್ದು ಇರುತ್ತದೆ, ಊಟಕ್ಕೆ ಕೂಗಿದರೆ ಓಗೊಡುವವರಿರುತ್ತಾರೆ. ಇರು ಎಂದು ಒಂದು ಮಾತು ಹೇಳಿದ್ದರೆ ಹುಡುಗಿ ಇದ್ದುಬಿಡುತ್ತಿದ್ದಳೋ ಏನೋ. ಮೊರ ಪಕ್ಕಕ್ಕಿಟ್ಟಳು.

"ನಮ್ಮಪ್ಪ ಮುನಿರಾಮಯ್ಯ ಅಂತ. ಹೊಸೂರಲ್ಲಿದ್ರು," ಎಂದಳು. "ನೀನು ಬರೋಕೆ ಮೂರು ವರ್ಷ ಮುಂಚೆ ಕಾವೇರಿ ಗಲಾಟೆ ಆಯ್ತು. ಇಲ್ಲಿನ ಬಸ್ಸು ಅತ್ತಿಬೆಲೆಗೇ ನಿಲ್ತಿತ್ತು, ಆ ಕಡೆ ಬಸ್ಸು ಆ ಕಡೆನೇ. ಅಪ್ಪಂಗೆ ಹುಷಾರಿಲ್ಲ ಅಂತ ಫೋನ್ ಬಂತು. ಇವ್ರು ಬೇಡ ಅಂದ್ರು, ನಾಳೆ ನಾಡಿದ್ದು ಬಸ್ ಬಿಡ್ತಾರೆ, ಆಗ ಹೋಗು ಅಂದ್ರು."

"ಆಮೇಲೆ?"

"ಅತ್ತಿಬೆಲೇಲಿ ಇಳ್ದು ಬ್ಯಾಗ್ ತಗೊಂಡು ನಡ್ದೆ. ರಸ್ತೆ ತುಂಬ ಜನ ಕಣೇ. ಮಗು ಎತ್ಕೊಂಡೋರು, ಸೂಟ್‌ಕೇಸ್ ತಲೆ ಮೇಲಿಟ್ಕೊಂಡೋರು. ಸಂಜೆಗೆ ಮನೆ ಸೇರ್ದೆ. ಅಪ್ಪ ನನ್ನ ನೋಡಿ, ಬಸ್ಸಿಲ್ವಲ್ಲೇ, ಹೇಗ್ ಬಂದೆ ಅಂದ್ರು. ರಾತ್ರಿಯೆಲ್ಲ ಕೈ ಹಿಡ್ಕೊಂಡಿದ್ದೆ. ಬೆಳಿಗ್ಗೆ ಹೋಗ್ಬಿಟ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಗೇಟು ಅವರ್ದು. ತೆಗೀತಾರೆ, ಹಾಕ್ತಾರೆ, ನಮ್ಮನ್ನೇನು ಕೇಳಲ್ಲ. ತೆಗ್ದಿದ್ದಾಗ ಹೋಗ್ಬಿಡ್ಬೇಕು. ಹೋಗು ಕನ್ಸಿ."

ಮೂರನೆಯ ದಿನ ಕನ್ಸೀಮೆ ವೆಂಕಟಗಿರಿಯವರ ಕೊಠಡಿಗೆ ಹೋಗಿ ಕೈ ಮುಗಿದು ಬಂದಳು. ಅವರಿಗೆ ಬೇಸರವಾಯಿತು. ಆದರೂ ಎದ್ದು ಬಾಗಿಲ ತನಕ ಬಂದು, "ಅಲ್ಲಿಂದಲೇ ಬರೀಮ್ಮ, ನಾನು ಓದ್ತೀನಿ," ಎಂದರು.

ಹೊರಟ ದಿನ ಮುರುಗೇಶ್ ಮಿಲ್ಲಿಗೆ ರಜೆ ಹಾಕಿದ. ಕನ್ಸೀಮೆ ವರಲಕ್ಷ್ಮಿ ಕೊಟ್ಟ ಹಸಿರು ರೇಷ್ಮೆ ಸೀರೆಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದಳು, ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ. ವಿಮಾನ ನಿಲ್ದಾಣದ ತನಕ ಮೂವರೂ ಏನೇನೋ ಮಾತಾಡಿದರು.

ಆಮೇಲಿನ ಸುದ್ದಿಯೆಲ್ಲ ಫೋನಿನಲ್ಲಿ ಬಂತು. ಗೇಟು ತೆರೆದಿತ್ತು, ವ್ಯಾಪಾರ ಮಾತ್ರ ಮೊದಲಿನ ಹಾಗೆ ಆಗಿರಲಿಲ್ಲ. ಮೂರು ವರ್ಷದಲ್ಲಿ ಆಚೆಯವರು ಬೇರೆ ಕಡೆಯಿಂದ ಹಿಟ್ಟು ತರಿಸಿಕೊಳ್ಳುವುದನ್ನು ಕಲಿತಿದ್ದರು. ತಾಯಿಯ ಹಳೆಯ ಗಿರಾಕಿಗಳಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ತೀರಿಕೊಂಡಿದ್ದರು. ಕನ್ಸೀಮೆ ಮತ್ತು ಮುಗಿಶಾ ದಿನವೂ ಗಟುನದ ಸಂತೆಗೆ, ಮನೆಮನೆಗೆ ಹೋಗಿ ಹೆಂಗಸರನ್ನು ಮತ್ತೆ ಮಾತಾಡಿಸುತ್ತಿದ್ದರು. "ನಿಧಾನ ಆಂಟಿ," ಎನ್ನುತ್ತಿದ್ದಳು. "ಒಬ್ಬೊಬ್ರೇ ಬರ್ತಾ ಇದಾರೆ."

ಮದುವೆಯಾದದ್ದು ಡಿಸೆಂಬರಿನಲ್ಲಿ, ಕಟುನದ ಚರ್ಚಿನಲ್ಲಿ. ಗಂಡನ ಮನೆಗೆ ಹೊರಟಾಗ ಅವಳು ವಿಡಿಯೋ ಕಾಲ್ ಮಾಡಿ ಫೋನನ್ನು ತಮ್ಮನ ಕೈಗೆ ಕೊಟ್ಟಿದ್ದಳು. ವರಲಕ್ಷ್ಮಿ ಮಿಲ್ಲಿನ ಕಟ್ಟೆಗೆ ಫೋನು ಒರಗಿಸಿ, ಗಿರಾಕಿ ಹೆಂಗಸರನ್ನೂ ಕೂಗಿ ಕೂರಿಸಿಕೊಂಡಳು. ಬಿಳಿ ಉಡುಪಿನ ಮೇಲೆ ಹಸಿರು ಸೀರೆಯನ್ನು ಹೆಗಲಿಗೆ ಸುತ್ತಿಕೊಂಡು ಕನ್ಸೀಮೆ ನಡೆಯುತ್ತಿದ್ದಳು, ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು, ಹಾಡು. ಒಂದು ಸಿಮೆಂಟ್ ಲಾರಿ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು.

ಗೇಟು ಬಂತು. ಆಚೆ ಕಾಲಿಡುತ್ತಿದ್ದಂತೆ ಈಚೆಯ ನೆಟ್‌ವರ್ಕ್ ಹೋಯಿತು. ಒಂದು ಕಾಲು ಮುಂದಿಟ್ಟ ಕನ್ಸೀಮೆ ಪರದೆಯ ಮೇಲೆ ಹಾಗೆಯೇ ನಿಂತಳು, ಆಮೇಲೆ ಅದೂ ಕಪ್ಪಾಯಿತು.

"ಏನಾಯ್ತು ಅಕ್ಕ?" ಎಂದು ಗೋಧಿ ತಂದಿದ್ದ ರಾಮಕ್ಕ ಕೇಳಿದಳು.

"ಏನಿಲ್ಲ, ದಾಟಿದ್ಲು," ಎಂದಳು ವರಲಕ್ಷ್ಮಿ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಚೀಲ ಹುಡುಕಿಕೊಂಡರು. ಮುರುಗೇಶ್ ಒಳಗಿನಿಂದ, ಯಾರದು ಮೊದಲು ಎಂದು ಕೂಗಿದ. ಗುಡ್ಡದಾಚೆಯ ಯಾವುದೋ ಹೊಸ ನಂಬರಿನಿಂದ ಫೋನು ಬರುವುದೆಂದು ವರಲಕ್ಷ್ಮಿಗೆ ಗೊತ್ತಿತ್ತು, ಅದು ಈಗಲೇ ಬರಲಿ ಎಂದು ಕೈಯ ಹಿಟ್ಟು ಒರೆಸಿಕೊಂಡು ಅಲ್ಲೇ ಕೂತಳು.